ಕಂಪ್ರೆಸರ್‌ಗೂ ಗೋಡೆಗೂ ನಡುವೆ ಒಂದೂವರೆ ಮೊಳ ಹೋಸ್

ಯರಗಟ್ಟಿ ನಮ್ಮಲ್ಲಿ ಒಬ್ಬನ ಊರು. ಬೆಳಗಾವಿಯಿಂದ ಬಾಗಲಕೋಟೆ ಕಡೆ ಹೋಗುವ ರಸ್ತೆಯಲ್ಲಿ ಬರುತ್ತದೆ. ಮೊದಲು ಸವದತ್ತಿ ತಾಲ್ಲೂಕಿನಲ್ಲಿತ್ತು, ಈಗ ಅದೇ ಒಂದು ತಾಲ್ಲೂಕು. ಕಬ್ಬಿನ ಸೀಸನ್ ಶುರುವಾದರೆ ಸಾಕು, ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳ ಸಾಲು. ಟ್ರ್ಯಾಕ್ಟರ್ ಇದ್ದಲ್ಲಿ ಪಂಕ್ಚರ್, ಪಂಕ್ಚರ್ ಇದ್ದಲ್ಲಿ ಕಂಪ್ರೆಸರ್. ನಮ್ಮ ಗೆಳೆಯನ ಕಾಕಾ ಅವರ ಗ್ಯಾರೇಜ್ ಇರುವುದು ಅಲ್ಲೇ. ಟೈರ್ ಕೆಲಸ, ವೆಲ್ಡಿಂಗ್, ಟ್ರೇಲರ್‌ಗೆ ಬಣ್ಣ ಹೊಡೆಯುವುದು, ಎಲ್ಲಾ ಒಂದೇ ತಗಡಿನ ಶೆಡ್‌ನಲ್ಲಿ.

ಮೂರನೇ ಸೆಮಿಸ್ಟರ್ ಪರೀಕ್ಷೆ ಮುಗಿಸಿ ನಾವು ಮೂವರು ಅಲ್ಲಿಗೆ ಹೋದಾಗ ಗ್ಯಾರೇಜ್ ಸುಮ್ಮನಿತ್ತು. ಎರಡು ದಿನ ಮೊದಲು ಕಂಪ್ರೆಸರ್ ಟ್ಯಾಂಕ್‌ನಿಂದ ಗೋಡೆಗೆ ಹೋಗುವ ಜಿಐ ಪೈಪ್ ಢಬ್ ಅಂತ ಮುರಿದಿತ್ತು. ಮುರಿದ ತುದಿ ಪಕ್ಕದಲ್ಲಿ ಟೈರ್ ಬಿಚ್ಚುತ್ತಿದ್ದ ಹುಡುಗನ ಮೊಳಕೈಗೆ ಹೊಡೆದು ನಾಲ್ಕು ಹೊಲಿಗೆ ಬಿದ್ದಿದ್ದವು. ಮುಖ ಇನ್ನೊಂದು ಅಡಿ ಆಚೆ ಇತ್ತು ಅಷ್ಟೇ.

"ಇದು ಎಷ್ಟನೇ ಸಲ್ರಿ ಕಾಕಾ?" ಅಂತ ಕೇಳಿದೆವು.

"ಒಂದ ವರ್ಷದಾಗ ಮೂರನೇ ಸಲ. ಏನ್ರಪಾ ಇಂಜಿನಿಯರ್‌ಗೋಳ್ರ, ಇದಕ್ಕೇನರ ಐಡಿಯಾ ಐತೇನು?"

ನಾವು ಯೋಚನೆನೇ ಮಾಡದೆ ಹೇಳಿಬಿಟ್ಟೆವು: "ದಪ್ಪ ಪೈಪ್ ಹಾಕ್ರಿ."

"ಹೋದ ಸಲಾನ ದಪ್ಪಂದು ಹಾಕೀನಿ. ಈಗ ಮುರದದ್ದು ಅದ ಐತಿ."

ನಮಗೆ ಮುಂದೆ ಮಾತು ಹೊರಡಲಿಲ್ಲ. ಮುರಿದ ತುಂಡಿನ ಫೋಟೋ ತೆಗೆದು ನಮ್ಮ ಕಾಲೇಜಿನ ವರ್ಕ್‌ಶಾಪ್ ಇನ್‌ಸ್ಟ್ರಕ್ಟರ್ ಸರ್‌ಗೆ ಕಳಿಸಿದೆವು. ಅವರು ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದರು: "ನಮ್ಮ ಲ್ಯಾಬ್‌ನಲ್ಲಿ ಕಂಪ್ರೆಸರ್‌ನಿಂದ ಗೋಡೆ ಪೈಪ್‌ಗೆ ಏನು ಹಾಕಿದ್ದಾರೆ, ನೋಡಿದ್ದೀರಾ?" ಒಂದು ವರ್ಷ ಅದರ ಪಕ್ಕದಲ್ಲೇ ಓಡಾಡಿದ್ದೇವೆ. ಮೂವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅಲ್ಲಿರುವುದು ಒಂದು ಚಿಕ್ಕ ಕಪ್ಪು ರಬ್ಬರ್ ಹೋಸ್. ಆ ಹೋಸ್ ಅಲ್ಲಿ ಯಾಕಿದೆ ಅನ್ನುವುದೇ ಈ ಲೇಖನ.

ಒಂದು ಅಲುಗಾಡುತ್ತೆ, ಇನ್ನೊಂದು ಅಲುಗಾಡಲ್ಲ

ಗ್ಯಾರೇಜ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಪಿಸ್ಟನ್ ಕಂಪ್ರೆಸರ್. ಕಾಕಾ ಅವರದು 5 ಎಚ್‌ಪಿ ಮೋಟಾರ್, ಬೆಲ್ಟ್ ಡ್ರೈವ್, 200 ಲೀಟರ್ ಟ್ಯಾಂಕ್. ಮೋಟಾರ್, ಸಿಲಿಂಡರ್ ಎಲ್ಲಾ ಟ್ಯಾಂಕ್‌ನ ಮೇಲೇ ಕೂತಿವೆ. ಪಿಸ್ಟನ್ ಹೋಗಿ ಬಂದಾಗಲೆಲ್ಲಾ ಇಡೀ ಟ್ಯಾಂಕ್ ನಡುಗುತ್ತದೆ. ಕಾಲುಗಳ ಕೆಳಗೆ ಹಳೇ ಟೈರ್ ಕತ್ತರಿಸಿ ರಬ್ಬರ್ ತುಂಡು ಇಟ್ಟಿದ್ದಾರೆ. ನೆಲಕ್ಕೆ ಅದು ಒಳ್ಳೆಯದೇ. ಆದರೆ ರಬ್ಬರ್ ಮೇಲೆ ಕೂತ ಟ್ಯಾಂಕ್‌ಗೆ ಅಲುಗಾಡಲು ಇನ್ನೂ ಜಾಗ ಸಿಗುತ್ತದೆ. ಬಟನ್ ಒತ್ತಿದಾಗ, ಆಫ್ ಆಗುವಾಗ ನೋಡಿ, ಒದ್ದುಕೊಂಡ ಹಾಗೆ ಜೋರಾಗಿ ಒಲೆಯುತ್ತದೆ.

ಇತ್ತ ಗೋಡೆಯ ಪೈಪ್ ಕ್ಲ್ಯಾಂಪ್ ಹಾಕಿ ಬಿಗಿದದ್ದು. ಅದು ಎಲ್ಲೂ ಹೋಗಲ್ಲ. ಈ ಎರಡರ ನಡುವೆ ನೇರ ಕಬ್ಬಿಣದ ಪೈಪ್ ಹಾಕಿದರೆ, ಅಲುಗಾಡುವುದಕ್ಕೂ ಅಲುಗಾಡದಿರುವುದಕ್ಕೂ ನಡುವೆ ಏನಾದರೂ ಒಂದು ಬಾಗಲೇಬೇಕು. ಬಾಗುವ ಜಾಗವನ್ನು ನಾವು ಮಾಡಿಕೊಡದಿದ್ದರೆ ಪೈಪ್ ತನ್ನಲ್ಲಿ ಎಲ್ಲಿ ಬಲ ಕಡಿಮೆಯೋ ಅಲ್ಲಿ ಬಾಗುತ್ತೆ. ಆ ಜಾಗ ಥ್ರೆಡ್. ಕಾಕಾ ಅವರ ಪೈಪ್ ಮೂರು ಸಲವೂ ಮುರಿದದ್ದು ಟ್ಯಾಂಕ್ ಹತ್ತಿರದ ಮೊದಲ ಥ್ರೆಡ್‌ನಲ್ಲೇ.

ಲೆಕ್ಕ ಹಾಕೋಣ. ಕಂಪ್ರೆಸರ್ ನಿಮಿಷಕ್ಕೆ 800 ಸುತ್ತು ತಿರುಗುತ್ತದೆ ಅಂತ ಇಟ್ಟುಕೊಳ್ಳಿ. ಸೀಸನ್‌ನಲ್ಲಿ ದಿನಕ್ಕೆ ಒಟ್ಟು ನಾಲ್ಕು ಗಂಟೆ ಓಡಿದರೆ 1,92,000 ಸಲ ಅತ್ತ ಇತ್ತ. ಒಂದು ವಾರದೊಳಗೆ 10 ಲಕ್ಷ ದಾಟುತ್ತದೆ. ನಾವು ಕ್ಲಾಸ್‌ನಲ್ಲಿ ಫಟೀಗ್ ಅಂತ ಓದಿದ್ದು ಇದನ್ನೇ. ಒಂದು ಸಲ ಬಗ್ಗಿಸಿದರೆ ಏನೂ ಆಗದ ಲೋಹ, ಲಕ್ಷಾಂತರ ಸಲ ಸ್ವಲ್ಪ ಸ್ವಲ್ಪವೇ ಬಗ್ಗಿಸಿದರೆ ಒಂದು ದಿನ ಬಿರುಕು ಬಿಡುತ್ತದೆ. 19ನೇ ಶತಮಾನದಲ್ಲಿ ರೈಲಿನ ಆಕ್ಸಲ್‌ಗಳು ಕಾರಣ ತಿಳಿಯದೆ ಮುರಿಯುತ್ತಿದ್ದಾಗ ಜರ್ಮನಿಯ ಆಗಸ್ಟ್ ವೋಲರ್ ವರ್ಷಗಟ್ಟಲೆ ಪರೀಕ್ಷೆ ಮಾಡಿ ತೋರಿಸಿದ್ದು ಇದನ್ನೇ. ನಮ್ಮ ಮುರಿದ ತುಂಡಲ್ಲೂ ಅದು ಕಾಣುತ್ತಿತ್ತು. ಮುರಿದ ಮುಖದ ಅರ್ಧಕ್ಕಿಂತ ಹೆಚ್ಚು ಭಾಗ ನುಣುಪಾಗಿ, ತುಕ್ಕು ಹಿಡಿದು ಕಪ್ಪಾಗಿತ್ತು. ಅದು ಹಳೇ ಬಿರುಕು. ಉಳಿದ ಸ್ವಲ್ಪ ಮಾತ್ರ ಹೊಳೆಯುತ್ತಿತ್ತು. ಕೊನೇ ದಿನ ಮುರಿದದ್ದು ಅಷ್ಟೇ.

ದಪ್ಪ ಪೈಪ್ ಯಾಕೆ ಉತ್ತರ ಅಲ್ಲ

ನಾವು ತಪ್ಪಿದ್ದು ಇಲ್ಲಿ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇವೆ.

ಪೈಪ್ ಮೇಲೆ ಯಾರೋ ಇಂತಿಷ್ಟು ಕೆಜಿ ತೂಕ ಹೇರಿದ್ದರೆ ದಪ್ಪ ಪೈಪ್ ಸರಿಯಾದ ಉತ್ತರ. ಇಲ್ಲಿ ಹೇರುತ್ತಿರುವುದು ತೂಕ ಅಲ್ಲ, ಸರಿತ. ಟ್ಯಾಂಕ್ ಅರ್ಧ ಮಿಲಿಮೀಟರ್ ಅತ್ತ, ಅರ್ಧ ಮಿಲಿಮೀಟರ್ ಇತ್ತ ಸರಿಯುತ್ತೆ. ಪೈಪ್ ಎಷ್ಟೇ ಗಟ್ಟಿ ಇದ್ದರೂ ಅಷ್ಟು ಬಾಗಲೇಬೇಕು. ಎರಡೂ ತುದಿ ಬಿಗಿದ ಪೈಪ್‌ಗೆ ಸ್ಟ್ರೆಸ್ ಸೂತ್ರ ಹೀಗೆ ಬರುತ್ತದೆ: ಮೂರು ಗುಣಿಸು ಯಂಗ್ಸ್ ಮಾಡ್ಯುಲಸ್, ಗುಣಿಸು ಪೈಪ್‌ನ ಹೊರ ವ್ಯಾಸ, ಗುಣಿಸು ಸರಿತ, ಇದನ್ನೆಲ್ಲಾ ಭಾಗಿಸು ಉದ್ದದ ವರ್ಗ. ಗಮನಿಸಿ, ಇದರಲ್ಲಿ ಗೋಡೆಯ ದಪ್ಪ ಎಲ್ಲೂ ಇಲ್ಲ.

ಅರ್ಧ ಇಂಚಿನ ಜಿಐ ಪೈಪ್‌ನ ಹೊರ ವ್ಯಾಸ ಸುಮಾರು 21.3 ಮಿಮೀ. ಟ್ಯಾಂಕ್‌ನಿಂದ ಮೊದಲ ಕ್ಲ್ಯಾಂಪ್‌ಗೆ 300 ಮಿಮೀ. ಸರಿತ 0.5 ಮಿಮೀ. ಲೆಕ್ಕ ಹಾಕಿದರೆ ಸ್ಟ್ರೆಸ್ ಸುಮಾರು 71 ಮೆಗಾಪ್ಯಾಸ್ಕಲ್. ಮುಕ್ಕಾಲು ಇಂಚಿನ ಪೈಪ್ ಹಾಕಿದರೆ ಹೊರ ವ್ಯಾಸ 26.9 ಮಿಮೀ, ಸ್ಟ್ರೆಸ್ ಸುಮಾರು 90ಕ್ಕೆ ಏರುತ್ತದೆ. ಅಂದರೆ ದೊಡ್ಡ ಪೈಪ್ ಹಾಕಿದಷ್ಟೂ ಕೆಟ್ಟದ್ದು.

71 ಅಂದರೆ ಕಡಿಮೆ ಅಲ್ವಾ ಅನಿಸಬಹುದು. ಆದರೆ ಥ್ರೆಡ್ ಮರೆಯಬೇಡಿ. ಮೀಡಿಯಂ ಕ್ಲಾಸ್ ಅರ್ಧ ಇಂಚಿನ ಪೈಪ್‌ನ ಗೋಡೆ ಸುಮಾರು 2.6 ಮಿಮೀ. ಅದರ ಮೇಲೆ ಕೊರೆಯುವ ಥ್ರೆಡ್‌ನ ಆಳ ಸುಮಾರು 1.16 ಮಿಮೀ. ಉಳಿಯುವುದು 1.4 ಮಿಮೀ ಮಾತ್ರ. ಜೊತೆಗೆ ಥ್ರೆಡ್‌ನ ಬುಡ ಅಂದರೆ ಚೂಪಾದ ಕಚ್ಚು, ಸ್ಟ್ರೆಸ್ ಅಲ್ಲಿ ಗುಂಪುಗೂಡುತ್ತದೆ. ಎರಡೂ ಸೇರಿ 71 ಅನ್ನುವುದು 200, 250 ಆಗುವುದು ಏನೂ ದೊಡ್ಡದಲ್ಲ. ಹೆವಿ ಕ್ಲಾಸ್ ಪೈಪ್‌ನ ಗೋಡೆ 3.2 ಮಿಮೀ, ಥ್ರೆಡ್ ಕೊರೆದ ಮೇಲೆ ಸುಮಾರು 2 ಮಿಮೀ ಉಳಿಯುತ್ತೆ. ಅದಕ್ಕೇ ಅದು ಕೆಲವು ವಾರ ಹೆಚ್ಚು ಬಾಳಿತು. ಆದರೆ ಗಟ್ಟಿ ಪೈಪ್ ಟ್ಯಾಂಕ್‌ನ ಬಾಯಿಯನ್ನು ಇನ್ನೂ ಜೋರಾಗಿ ಎಳೆದಾಡುತ್ತೆ. ಮುಂದೆ ಪೈಪ್ ಬದಲು ಟ್ಯಾಂಕ್‌ನ ಬೆಸುಗೆಯೇ ಬಿರುಕು ಬಿಟ್ಟರೆ? ಪೈಪ್ ಬದಲಾಯಿಸಬಹುದು, ಟ್ಯಾಂಕ್ ಬಿರಿದರೆ ಅದು ಬೇರೆ ಕಥೆ.

ರೈಲಿನಲ್ಲಿ ಎಲ್ಲರೂ ನೋಡಿರುವ ಹೋಸ್

ಬೆಳಗಾವಿ ಅಥವಾ ಧಾರವಾಡ ಸ್ಟೇಷನ್‌ನಲ್ಲಿ ಪ್ಲಾಟ್‌ಫಾರ್ಮ್ ತುದಿಗೆ ಹೋಗಿ ಎರಡು ಬೋಗಿಗಳ ನಡುವೆ ಬಗ್ಗಿ ನೋಡಿ. ಕಪ್ಲಿಂಗ್ ಪಕ್ಕದಲ್ಲಿ ಜೋತುಬಿದ್ದ ರಬ್ಬರ್ ಹೋಸ್‌ಗಳು ಕಾಣುತ್ತವೆ. ಅವು ಬ್ರೇಕ್‌ನ ಗಾಳಿಯವು. ಬ್ರೇಕ್ ಪೈಪ್‌ನಲ್ಲಿ ಚದರ ಸೆಂಟಿಮೀಟರ್‌ಗೆ 5 ಕೆಜಿ, ಫೀಡ್ ಪೈಪ್‌ನಲ್ಲಿ 6 ಕೆಜಿ ಒತ್ತಡ. ಬೋಗಿಯ ಉದ್ದಕ್ಕೂ ಇರುವುದು ಉಕ್ಕಿನ ಪೈಪ್, ಬೋಗಿ ಬೋಗಿಯ ನಡುವೆ ಮಾತ್ರ ಹೋಸ್. ಯಾಕಂದರೆ ಅಲುಗಾಟ ಇರುವುದು ಅಲ್ಲೇ. ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ಏರ್ ಬ್ರೇಕ್‌ಗೆ ಪೇಟೆಂಟ್ ಪಡೆದ ಕಾಲದಿಂದಲೂ ಈ ಯೋಚನೆ ಇದೆ.

ಇನ್ನೊಂದು ವಿಷಯ ನೋಡಿ. ಪ್ರತಿ ಹೋಸ್‌ಗೆ ಮೊದಲು, ಬೋಗಿಯ ಪೈಪ್ ತುದಿಯಲ್ಲಿ ಒಂದು ಕಾಕ್ ಇರುತ್ತದೆ. ಹೋಸ್ ಬಿಚ್ಚಬೇಕಾದರೆ ಆ ಕಾಕ್ ಬಂದ್ ಮಾಡುತ್ತಾರೆ. ಗ್ಯಾರೇಜ್‌ನಲ್ಲೂ ಇದೇ ಕ್ರಮ ಬೇಕು: ಮೊದಲು ಟ್ಯಾಂಕ್, ಆಮೇಲೆ ಬಾಲ್ ವಾಲ್ವ್, ಆಮೇಲೆ ಹೋಸ್, ಕೊನೆಗೆ ಗೋಡೆ ಪೈಪ್. ವಾಲ್ವ್ ಅನ್ನು ಹೋಸ್ ಆದಮೇಲೆ ಹಾಕಿದರೆ, ಹೋಸ್ ಒಡೆದಾಗ ಟ್ಯಾಂಕ್ ಪೂರ್ತಿ ಖಾಲಿಯಾಗುವವರೆಗೆ ದೂರ ನಿಂತು ನೋಡುವುದು ಬಿಟ್ಟು ಬೇರೆ ದಾರಿ ಇಲ್ಲ.

ಹೋಸ್ ಎಲ್ಲಿ ಹಾಕಬಾರದು

ಇದನ್ನು ನಮಗೆ ಹೇಳಿಕೊಟ್ಟವರು ಕಾಕಾ. ನಾವು ಹುಮ್ಮಸ್ಸಿನಲ್ಲಿ, "ಸಿಲಿಂಡರ್ ಹೆಡ್‌ನಿಂದ ಟ್ಯಾಂಕ್‌ಗೆ ಬರೋ ಪೈಪ್‌ಗೂ ಹೋಸ್ ಹಾಕಿಬಿಡೋಣ್ರಿ" ಅಂದೆವು.

"ಅಲ್ಲಿ ರಬ್ಬರ್ ನಡಿಯೂದಿಲ್ಲ. ಆ ಪೈಪಿಗೆ ಒಂದ ಹನಿ ನೀರ ಹಾಕಿ ನೋಡ್ರಿ," ಅಂದರು.

ಹಾಕಿದೆವು. ಚುಂಯ್ ಅಂತ ಆವಿಯಾಯಿತು. ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ. ಪಿಸ್ಟನ್ ಕಂಪ್ರೆಸರ್‌ನ ಹೆಡ್‌ನಿಂದ ಹೊರಬರುವ ಗಾಳಿ 150 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಸಾಮಾನ್ಯ ರಬ್ಬರ್ ಹೋಸ್‌ಗಳ ಮಿತಿ 100 ಡಿಗ್ರಿಯ ಆಸುಪಾಸು ಇರುತ್ತದೆ. ಅದಕ್ಕೇ ಹೆಡ್‌ನಿಂದ ಟ್ಯಾಂಕ್‌ವರೆಗೆ ತಾಮ್ರದ ಅಥವಾ ಲೋಹದ ಪೈಪೇ ಇರಬೇಕು. ಅಲ್ಲಿ ಹೆಡ್, ಟ್ಯಾಂಕ್ ಎರಡೂ ಒಟ್ಟಿಗೇ ನಡುಗುವುದರಿಂದ ಬಾಗುವ ಕೆಲಸವೂ ಕಡಿಮೆ. ಗಾಳಿ ಟ್ಯಾಂಕ್‌ನಲ್ಲಿ ಕೂತು ತಣ್ಣಗಾದ ಮೇಲೆ ಹೊರಬರುತ್ತದಲ್ಲ, ಹೋಸ್ ಜಾಗ ಅಲ್ಲಿ.

ಯಾವ ಹೋಸ್, ಹೇಗೆ ಕೂರಿಸುವುದು

ಅಂಗಡಿಯಲ್ಲಿ "ಹೋಸ್ ಪೈಪ್ ಕೊಡಿ" ಅಂದರೆ ತೋಟಕ್ಕೆ ನೀರು ಬಿಡುವುದನ್ನೂ ಕೊಡುತ್ತಾರೆ. ನೋಡಬೇಕಾದ್ದು ಇಷ್ಟು:

1. ಹೋಸ್ ಮೇಲೆ ವರ್ಕಿಂಗ್ ಪ್ರೆಶರ್ ಅಚ್ಚಾಗಿರಬೇಕು. ಟ್ಯಾಂಕ್‌ನ ಸೇಫ್ಟಿ ವಾಲ್ವ್ ಎಷ್ಟಕ್ಕೆ ತೆರೆಯುತ್ತೋ ಅದಕ್ಕಿಂತ ಅದು ಚೆನ್ನಾಗಿ ಹೆಚ್ಚಿರಬೇಕು. ಗ್ಯಾರೇಜ್‌ನ 120 ಪೌಂಡ್ ಅಂದರೆ ಸುಮಾರು 8 ಬಾರ್. 20 ಬಾರ್‌ನ ಏರ್ ಹೋಸ್ ಸಾಕು.

2. ಒಳಪದರ ಎಣ್ಣೆಗೆ ತಡೆಯುವ ರಬ್ಬರ್ ಆಗಿರಬೇಕು. ಕಂಪ್ರೆಸರ್‌ನ ಗಾಳಿಯಲ್ಲಿ ಸ್ವಲ್ಪ ಎಣ್ಣೆ ಬಂದೇ ಬರುತ್ತೆ. ಸಾಮಾನ್ಯ ರಬ್ಬರ್ ಅದರಲ್ಲಿ ಉಬ್ಬಿ, ಮೆತ್ತಗಾಗಿ, ಒಳಗಿಂದ ಪದರ ಬಿಡುತ್ತದೆ.

3. ತುದಿಗಳು ಮಷೀನಿನಲ್ಲಿ ಒತ್ತಿದ ಫಿಟಿಂಗ್ ಆಗಿರಬೇಕು. ಸ್ಕ್ರೂಡ್ರೈವರ್‌ನಿಂದ ಬಿಗಿಯುವ ಕ್ಲಿಪ್ ಇಲ್ಲಿ ಬೇಡ. ಒಂದು ತುದಿಯಲ್ಲಾದರೂ ತಾನೇ ತಿರುಗುವ ನಟ್ ಇರಲಿ. ಇಲ್ಲದಿದ್ದರೆ ಬಿಗಿಯುವಾಗ ಹೋಸ್ ತಿರುಚಿಕೊಳ್ಳುತ್ತದೆ. ಹೋಸ್ ಮೇಲಿನ ಅಚ್ಚಿನ ಗೆರೆ ನೇರವಾಗಿದ್ದರೆ ತಿರುಚಿಲ್ಲ ಅಂತ ಅರ್ಥ.

4. ಬಿಗಿಯಾಗಿ ಎಳೆದು ಕಟ್ಟಬಾರದು. ಸಡಿಲವಾಗಿ ಒಂದು ಬಾಗು ಇರಬೇಕು. ತೀರಾ ಮಡಚಿದರೂ ಕೆಟ್ಟದ್ದೇ, ಮಡಿಕೆಯಲ್ಲೇ ಬಿರುಕು ಬಿಡುತ್ತದೆ.

5. ಹೋಸ್ ಮುಗಿಯುವ ಜಾಗದಲ್ಲೇ ಗೋಡೆ ಪೈಪ್‌ಗೆ ಗಟ್ಟಿ ಕ್ಲ್ಯಾಂಪ್ ಬೇಕು. ಇಲ್ಲದಿದ್ದರೆ ಅಲುಗಾಟ ಹೋಸ್ ದಾಟಿ ಮುಂದಿನ ಥ್ರೆಡ್‌ಗೆ ಹೋಗುತ್ತದೆ.

6. ಎರಡೂ ತುದಿಯ ಫಿಟಿಂಗ್‌ಗೆ ಹಿಡಿದಿಡುವ ಉಕ್ಕಿನ ತಂತಿ ಕಟ್ಟಬೇಕು. ಅರ್ಧ ಇಂಚಿನ ಹೋಸ್ 8 ಬಾರ್‌ನಲ್ಲಿ ಕಳಚಿಕೊಂಡರೆ ತುದಿಗೆ ಸುಮಾರು 10 ಕೆಜಿಯ ತಳ್ಳು ಇರುತ್ತೆ. ಹಗುರ ಹೋಸ್ ತುದಿಯ ಲೋಹದ ಫಿಟಿಂಗ್‌ಗೆ ಅಷ್ಟು ತಳ್ಳು ಸಿಕ್ಕರೆ ಅದು ಚಾಟಿ ಬೀಸಿದ ಹಾಗೆ ಹೊಡೆಯುತ್ತದೆ.

ಯರಗಟ್ಟಿಯಂಥ ಊರಲ್ಲಿ ಇದೆಲ್ಲಾ ಎಲ್ಲಿ ಸಿಗುತ್ತೆ ಅನ್ನೋ ಚಿಂತೆ ನಮಗಿತ್ತು. ಸಿಕ್ಕಿದ್ದು ರಸ್ತೆಯ ಆಚೆ ಬದಿಯಲ್ಲೇ. ಟ್ರ್ಯಾಕ್ಟರ್, ಜೆಸಿಬಿಗಳಿಗೆ ಹೈಡ್ರಾಲಿಕ್ ಹೋಸ್ ಒತ್ತಿಕೊಡುವ ಅಂಗಡಿ! ಒಂದು ಪದರ ಉಕ್ಕಿನ ತಂತಿ ಹೆಣೆದ ಅರ್ಧ ಇಂಚಿನ ಹೈಡ್ರಾಲಿಕ್ ಹೋಸ್‌ಗೆ 160 ಬಾರ್‌ವರೆಗೆ ಅನುಮತಿ ಇದೆ, ಒಳಪದರ ಎಣ್ಣೆಗೆಂದೇ ಮಾಡಿದ್ದು. ಬಟ್ಟೆ ಹೆಣಿಗೆಯ ಏರ್ ಹೋಸ್‌ಗಿಂತ ಇದು ಸ್ವಲ್ಪ ಬಿರುಸು, ಬಾಗಿನ ತ್ರಿಜ್ಯ 18 ಸೆಂಟಿಮೀಟರ್‌ಗಿಂತ ಕಡಿಮೆ ಆಗಬಾರದು. ಆದ್ದರಿಂದ ಸ್ವಲ್ಪ ಉದ್ದ ತಗೊಂಡೆವು, ಒಂದೂವರೆ ಮೊಳ.

ಹೊಲದ ಪಿವಿಸಿ ಪೈಪ್ ಬೇಡವೇ ಬೇಡ

ಹೋಸ್ ಮಾಡಿಸಲು ಹೊರಟಾಗ ಕಾಕಾ ಇನ್ನೊಂದು ಮಾತು ಹೇಳಿದರು. ಗೋಡೆಯ ಜಿಐ ಪೈಪ್‌ಗೂ ತುಕ್ಕು ಹಿಡಿದಿದೆ, ಮನೆಯಲ್ಲಿ ಬೋರ್‌ವೆಲ್‌ಗೆ ತಂದ ಪಿವಿಸಿ ಪೈಪ್ ಉಳಿದಿದೆ, ಮೇಲೆ 10 ಕೆಜಿ ಅಂತ ಬರೆದಿದೆ, ಅದನ್ನೇ ಗೋಡೆಗೆ ಹಾಕಿದರೆ ಹೇಗೆ? ಒತ್ತಡ 8, ಪೈಪ್ 10. ಲೆಕ್ಕ ಸರಿ ಇದೆಯಲ್ಲ?

ಸರಿ ಇಲ್ಲ. ಆ 10 ಇರುವುದು ನೀರಿಗೆ. ನೀರು ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. 200 ಲೀಟರ್ ನೀರನ್ನು 8 ಬಾರ್‌ಗೆ ಒತ್ತಿದರೆ ಅದರಲ್ಲಿ ಸೇರುವ ಶಕ್ತಿ ಸುಮಾರು 30 ಜೂಲ್ ಮಾತ್ರ. ಪೈಪ್ ಬಿರಿದರೆ ಚಿಲ್ ಅಂತ ಹಾರಿ ಒತ್ತಡ ಇಳಿಯುತ್ತದೆ. ಅದೇ 200 ಲೀಟರ್ ಟ್ಯಾಂಕ್‌ನಲ್ಲಿ 8 ಬಾರ್ ಗಾಳಿ ಇದ್ದರೆ ಸುಮಾರು 2 ಲಕ್ಷ ಜೂಲ್. ಒಂದು ಟನ್ ತೂಕವನ್ನು 20 ಮೀಟರ್ ಎತ್ತರದಿಂದ ಕೆಳಗೆ ಬಿಟ್ಟಷ್ಟು. ಪಿವಿಸಿ ಬಿರಿದರೆ ಗಾಜಿನ ಹಾಗೆ ಚೂರು ಚೂರಾಗುತ್ತೆ, ಹಿಂದಿನ ಗಾಳಿ ಆ ಚೂರುಗಳನ್ನು ಗುಂಡಿನ ಹಾಗೆ ಎಸೆಯುತ್ತದೆ. ಜೊತೆಗೆ ಬಿಸಿಯಾದಷ್ಟೂ ಪಿವಿಸಿಯ ಬಲ ಇಳಿಯುತ್ತದೆ, ಏಪ್ರಿಲ್ ಬಿಸಿಲಿಗೆ ತಗಡಿನ ಶೆಡ್ ಒಳಗೆ ಹೇಗಿರುತ್ತೆ ಅಂತ ನಿಮಗೇ ಗೊತ್ತು. ಹಾಕಿದ ದಿನ ಏನೂ ಆಗಲ್ಲ. ಒಂದು ವರ್ಷವೂ ಏನೂ ಆಗದೇ ಇರಬಹುದು. ಅದೇ ಮೋಸ.

ಟ್ಯಾಂಕ್‌ಗಳನ್ನು ಪರೀಕ್ಷೆ ಮಾಡುವಾಗ ಗಾಳಿ ಬದಲು ನೀರು ತುಂಬಿ ಒತ್ತಡ ಕೊಡುವುದೂ ಇದೇ ಕಾರಣಕ್ಕೆ. 30 ಜೂಲ್ ಮತ್ತು 2 ಲಕ್ಷ ಜೂಲ್‌ನ ಲೆಕ್ಕ ಕಾಗದದ ಮೇಲೆ ಬರೆದು ತೋರಿಸಿದಾಗ ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹುಡುಗ ಅಲ್ಲೇ ಕುಂದರ್ತಾನ. ಬ್ಯಾಡ ಬಿಡು," ಅಂದರು. ಗೋಡೆಗೆ ಹೊಸ ಜಿಐ ಪೈಪೇ ಬಂತು.

ಕೂರಿಸಿದ ದಿನ

ಮೊದಲು ಮೇನ್ ಸ್ವಿಚ್ ಆಫ್ ಮಾಡಿ ಫ್ಯೂಸ್ ತೆಗೆದು ಜೇಬಲ್ಲಿ ಇಟ್ಟುಕೊಂಡೆವು. ಆಮೇಲೆ ಟ್ಯಾಂಕ್ ಕೆಳಗಿನ ಡ್ರೇನ್ ಕಾಕ್ ತೆರೆದು ಗೇಜ್ ಸೊನ್ನೆಗೆ ಬರುವವರೆಗೆ ಕಾದೆವು. ಗಾಳಿಯ ಜೊತೆ ಕಂದು ನೀರು ಒಂದು ಮಗ್‌ನಷ್ಟು ಬಂತು. ಗಾಳಿಯಲ್ಲಿನ ತೇವ ಟ್ಯಾಂಕ್‌ನಲ್ಲಿ ಹೀಗೆ ನೀರಾಗಿ ಕೂರುತ್ತದೆ, ದಿನಾ ಬಿಡದಿದ್ದರೆ ಟ್ಯಾಂಕ್ ಒಳಗಿಂದ ತುಕ್ಕು ತಿನ್ನುತ್ತದೆ. ಹೋಸ್ ಕೂಡ ನಡುವೆ ಜೋತುಬಿದ್ದರೆ ಅಲ್ಲೇ ನೀರು ನಿಲ್ಲುತ್ತೆ, ಅದಕ್ಕೆ ಬಾಗು ಮೇಲ್ಮುಖವಾಗಿ ಇರುವ ಹಾಗೆ ನೋಡಿಕೊಂಡೆವು.

ವಾಲ್ವ್, ಹೋಸ್, ಕ್ಲ್ಯಾಂಪ್, ತಂತಿ ಎಲ್ಲಾ ಬಿಗಿದು, ಫ್ಯೂಸ್ ಹಾಕಿ ಒತ್ತಡ ಏರಿಸಿ ಸೋಪಿನ ನೀರು ಹಚ್ಚಿದೆವು. ಒಂದು ಜಾಯಿಂಟ್‌ನಲ್ಲಿ ಗುಳ್ಳೆ ಬಂತು. ಮತ್ತೆ ಗಾಳಿ ಬಿಟ್ಟು, ಬಿಚ್ಚಿ, ಟೆಫ್ಲಾನ್ ಟೇಪ್ ಸುತ್ತಿ ಹಾಕಿದೆವು. ಸಣ್ಣ ಗುಳ್ಳೆ ಅಂತ ಬಿಡಬಾರದು. 1 ಮಿಮೀ ತೂತು ಇದ್ದರೂ ಈ ಒತ್ತಡದಲ್ಲಿ ಸೆಕೆಂಡಿಗೆ ಸುಮಾರು 1 ಲೀಟರ್ ಗಾಳಿ ಹೋಗುತ್ತೆ, ಕರೆಂಟ್ ಬಿಲ್ ಏರುತ್ತೆ.

ಕಂಪ್ರೆಸರ್ ಓಡುವಾಗ ಗೋಡೆ ಪೈಪ್ ಮೇಲೆ ಕೈ ಇಟ್ಟು ನೋಡಿದೆವು. ಮೊದಲು ಶೆಡ್‌ನ ತಗಡೆಲ್ಲಾ ಗುಂಯ್ ಅನ್ನುತ್ತಿತ್ತಂತೆ. ಈಗ ಟ್ಯಾಂಕ್ ತನ್ನಷ್ಟಕ್ಕೆ ಕುಣಿಯುತ್ತಿತ್ತು, ಹೋಸ್ ಸ್ವಲ್ಪ ಅಲುಗಾಡುತ್ತಿತ್ತು, ಗೋಡೆ ಪೈಪ್ ಸುಮ್ಮನಿತ್ತು. ವಾಲ್ವ್, ಹೋಸ್, ಫಿಟಿಂಗ್ ಎಲ್ಲಾ ಸೇರಿ ಆದ ಖರ್ಚು ಒಂದು ಟ್ರ್ಯಾಕ್ಟರ್ ಟ್ಯೂಬ್‌ನ ಬೆಲೆಗಿಂತ ಹೆಚ್ಚಲ್ಲ.

ಹೋಸ್ ಶಾಶ್ವತ ಅಲ್ಲ ಅಂತಲೂ ಹೇಳಿ ಬಂದಿದ್ದೇವೆ. ವಾರಕ್ಕೊಮ್ಮೆ ಕಣ್ಣು ಹಾಯಿಸಬೇಕು. ಮೇಲೆ ಬಿರುಕು, ಉಬ್ಬು, ಫಿಟಿಂಗ್ ಹತ್ತಿರ ಸವೆತ, ಒಳಗಿನ ತಂತಿ ಕಾಣುವುದು, ಇದರಲ್ಲಿ ಒಂದು ಕಂಡರೂ ಬದಲಾಯಿಸಬೇಕು. ಟೇಪ್ ಸುತ್ತಿ ಮುಂದುವರಿಸಬಾರದು. ದಿನ ಮುಗಿದ ಮೇಲೆ ಟ್ಯಾಂಕ್ ವಾಲ್ವ್ ಬಂದ್ ಮಾಡಿ ಹೋಗುವ ಕೆಲಸ ಹೊಲಿಗೆ ಬಿದ್ದ ಹುಡುಗನೇ ವಹಿಸಿಕೊಂಡಿದ್ದಾನೆ.

ಲ್ಯಾಬ್‌ನಲ್ಲಿ ಆ ಕಪ್ಪು ಹೋಸ್ ಪಕ್ಕದಲ್ಲಿ ಈಗಲೂ ದಿನಾ ಓಡಾಡುತ್ತೇವೆ. ನೀವೂ ನಾಳೆ ಹೋದಾಗ ಒಮ್ಮೆ ನೋಡಿ. ರಜೆಗೆ ಊರಿಗೆ ಹೋದಾಗ, ಬೈಕ್‌ಗೆ ಹವಾ ಹಾಕಿಸುವ ಅಂಗಡಿಯಲ್ಲಿ ಟ್ಯಾಂಕ್‌ನಿಂದ ಗೋಡೆಗೆ ಏನು ಹಾಕಿದ್ದಾರೆ ಅಂತಲೂ ನೋಡಿ. ನೇರ ಕಬ್ಬಿಣದ ಪೈಪ್ ಇದ್ದರೆ, ಅಥವಾ ಪಿವಿಸಿ ಇದ್ದರೆ, ಎರಡು ನಿಮಿಷ ನಿಂತು ಅಂಗಡಿಯವರಿಗೆ ಹೇಳಿ. ಆ ಪೈಪ್ ಪಕ್ಕದಲ್ಲಿ ದಿನವೆಲ್ಲಾ ಕೂತು ಕೆಲಸ ಮಾಡುವ ಹುಡುಗ ಒಬ್ಬ ಅಲ್ಲೂ ಇರುತ್ತಾನೆ.